ಕಾರಿನ ಬಾಡಿಗೆ ಉಳಿಸಿ, ಸೀರೆಗೆ ಕೊಡಿ

ಶನಿವಾರ-ಭಾನುವಾರ ಕೂಡಿಸಿಕೊಂಡು ಬಾದಾಮಿ ಕಡೆ ಬರುವ ನೆಂಟರು ಬಾಗಲಕೋಟೆಯಲ್ಲಿರುವ ನನಗೆ ಫೋನ್ ಮಾಡಿ ಮೊದಲು ಕೇಳುವುದು ಕಾರಿನ ಬಾಡಿಗೆ. ಬೆಂಗಳೂರಿನ ಅಕ್ಕನೂ ಅದನ್ನೇ ಕೇಳಿದಳು. ಎರಡು ದಿನಕ್ಕೆ ಎಂಟೊಂಬತ್ತು ಸಾವಿರ ಬೀಳುತ್ತದೆ. ಒಂದು ದಿನಕ್ಕೆ ಸಾಕು, ಇನ್ನೊಂದು ದಿನದ ದುಡ್ಡನ್ನು ಇಳಕಲ್ಲಿನ ಸೀರೆಗೆ ಎತ್ತಿಡು ಅಂದೆ. ನಮ್ಮ ಜಿಲ್ಲೆಯ ಪ್ರವಾಸದ ಲೆಕ್ಕವೆಲ್ಲ ಇದರ ಸುತ್ತಲೇ ಇದೆ.

ನೋಡುವುದಕ್ಕೆ ಇಲ್ಲಿ ಖರ್ಚೇ ಇಲ್ಲ ಅನ್ನಬೇಕು. ಬಾದಾಮಿಯ ಮೇಣಬಸದಿ ಗುಹೆಗಳಿಗೆ 25 ರೂಪಾಯಿ, ಪಟ್ಟದಕಲ್ಲಿಗೆ 40, ಐಹೊಳೆಯ ದುರ್ಗದ ಗುಡಿಗೆ 25. ಮೂರೂ ಸೇರಿ ತಲೆಗೆ 90. ಫೋನಿನಲ್ಲೇ ಟಿಕೆಟ್ ತೆಗೆದರೆ ಒಂದೊಂದಕ್ಕೆ ಐದು ರೂಪಾಯಿ ಕಡಿಮೆ. ಹದಿನೈದರೊಳಗಿನ ಮಕ್ಕಳಿಗೆ ಪುಕ್ಕಟೆ. ಇಷ್ಟಕ್ಕೆ ಚಾಲುಕ್ಯರ ಮಂಗಳೇಶ ಕೊರೆಸಿದ, 578ರ ಶಾಸನವಿರುವ ಮೂರನೆಯ ಗುಹೆ, ಗಂಡ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ. ಬಾದಾಮಿಯ ಅಗಸ್ತ್ಯತೀರ್ಥದ ಕೆರೆಯ ಮೆಟ್ಟಿಲ ಮೇಲೆ ಸಂಜೆಯವರೆಗೆ ಕೂತರೂ ಕೇಳುವವರಿಲ್ಲ.

ಅಕ್ಕನ ಮನೆಯವರು ಗೋಲಗುಂಬಜ್ ಎಕ್ಸ್‌ಪ್ರೆಸ್ಸಿಗೆ ಬಂದು ಬೆಳಗಿನ ಜಾವ ಬಾದಾಮಿಯಲ್ಲಿ ಇಳಿದರು. ಸ್ಟೇಷನ್ ಊರಿಂದ ನಾಲ್ಕೈದು ಕಿಲೋಮೀಟರ್ ದೂರ, ಆಟೋ ಸಿಗುತ್ತವೆ. ಶನಿವಾರವೆಲ್ಲ ಬಾದಾಮಿ, ಹತ್ತಿರದ ಬನಶಂಕರಿ ಗುಡಿ ಅಷ್ಟೇ. ಇದಕ್ಕೆ ಕಾರು ಯಾಕೆ ಬೇಕು? 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಅಕ್ಕ, ಅವ್ವ, ಸೊಸೆ ಆಧಾರ್ ತೋರಿಸಿದರು. ಮಾಮಾ ಒಬ್ಬರೇ ಟಿಕೆಟ್ ತೆಗೆಸಿದರು.

ಬನಶಂಕರಿಯಲ್ಲಿ ಬುಟ್ಟಿ ಹೊತ್ತ ಹೆಣ್ಣುಮಕ್ಕಳು "ಕುಂದರ್ರೆವ್ವಾ, ಉಣ್ಣ ಬರ್ರಿ" ಅಂತ ಕರೆಯುತ್ತಾರೆ. ಖಡಕ್ ರೊಟ್ಟಿ, ಪುಂಡಿಪಲ್ಯ, ಕೆಂಪು ಚಟ್ನಿ, ಪುಟ್ಟ ಗಡಿಗೆಯಲ್ಲಿ ಕೆನೆ ಮೊಸರು. ನಸುಕಿನಲ್ಲಿ ಎದ್ದು ಬಡಿದು, ಸುಟ್ಟು, ತಲೆಮೇಲೆ ಹೊತ್ತು ತಂದ ಊಟಕ್ಕೆ ಚೌಕಾಸಿ ಮಾಡಬಾರದು. ಇನ್ನೊಂದು ಗಡಿಗೆ ಮೊಸರು ತಗೊಳ್ಳಿ.

ಭಾನುವಾರಕ್ಕೆ ಮಾತ್ರ ಕಾರು ಬೇಕೇ ಬೇಕು. ಐಹೊಳೆಗೆ ಬಸ್ಸು ಕಡಿಮೆ, ಕಾಯುತ್ತ ನಿಂತರೆ ದಿನವೇ ಹೋಗುತ್ತದೆ. ಪಟ್ಟದಕಲ್ಲು, ಐಹೊಳೆ ಮುಗಿಸಿ ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು ಹುನಗುಂದದ ಮೇಲೆ ಹಾಯ್ದು ಇಳಕಲ್ಲು ಸೇರಿದೆವು.

ಇಳಕಲ್ಲಿನಲ್ಲಿ ಅವಸರ ಮಾಡಬಾರದು. ಪರಿಚಯದ ನೇಕಾರರೊಬ್ಬರ ಮನೆಗೆ ಕರೆದೊಯ್ದೆ. ಕುಣಿ ಮಗ್ಗದಲ್ಲಿ ಕಾಲಿಳಿಬಿಟ್ಟು ಕೂತಿದ್ದರು. ಪಕ್ಕದಲ್ಲಿ ಅವರ ಮನೆಯವರು ಸೀರೆಯೊಡಲಿನ ಹಾಸಿಗೆ ಸೆರಗಿನ ಕೆಂಪು ರೇಷ್ಮೆಯ ಹಾಸನ್ನು ಎಳೆಗೆ ಎಳೆ ಕೂಡಿಸಿ ಕೊಂಡಿ ಹಾಕುತ್ತಿದ್ದರು. ಬೇರೆ ಕಡೆ ಒಂದು ಉದ್ದನೆಯ ಹಾಸಿನಿಂದ ಹಲವು ಸೀರೆ ಕತ್ತರಿಸುತ್ತಾರೆ. ಕೊಂಡಿಯ ಸೀರೆಗೆ ಒಂದೊಂದಕ್ಕೂ ಹಾಸು ಹೊಸದಾಗಿ ಹೂಡಬೇಕು. ಬೆಲೆ ಹುಟ್ಟುವುದೇ ಇಲ್ಲಿಂದ. ಅಕ್ಕನ ಕೈ ಹಿಡಿದು, ಒಡಲೂ ಸೆರಗೂ ಕೂಡುವ ಗೆರೆಯ ಮೇಲೆ ಬೆರಳಾಡಿಸಿದೆ. ಸಣ್ಣ ಸಣ್ಣ ಕುಣಿಕೆಗಳ ಸಾಲು ಬೆರಳಿಗೆ ಹತ್ತಿತು.

ಮಗ್ಗದ ಮೇಲಿದ್ದ ಸೀರೆಯನ್ನೇ ಕೊಡಿ ಎಂದು ಅಕ್ಕ ಕೇಳಿದಳು. "ನೂಲು ಸಾವಕಾರ್ರದು, ನಾವು ಮಾರೂ ಹಂಗಿಲ್ರಿ. ನಮ್ಮದು ಬರೇ ಮಜೂರಿ" ಎಂದರು. ಕೊಳ್ಳುವವರು ತಿಳಿದಿರಬೇಕಾದ ಮಾತಿದು. ಅಂಗಡಿಯಲ್ಲಿ ಕೊಟ್ಟ ಹಣವೆಲ್ಲ ನೇಯ್ದವರ ಕೈ ಸೇರುವುದಿಲ್ಲ. ಆದ್ದರಿಂದ ನಾನು ಸ್ವಂತ ನೂಲು ಹಾಕಿ ನೇಯುವ ಮನೆಗಳನ್ನೋ ನೇಕಾರರ ಸಹಕಾರಿ ಸಂಘವನ್ನೋ ಹುಡುಕುತ್ತೇನೆ. ಪವರ್‌ಲೂಮಿನದೋ ಕೈಮಗ್ಗದ್ದೋ ಎಂದು ನೇರವಾಗಿ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳುತ್ತೇನೆ. ಅಕ್ಕ ಅಂಥ ಇನ್ನೊಂದು ಮನೆಯಲ್ಲಿ ಹತ್ತಿ-ರೇಷ್ಮೆಯ ಸೀರೆ ಕೊಂಡಳು. ಒಂದು ದಿನದ ಕಾರಿನ ಬಾಡಿಗೆ ಅದಕ್ಕೆ ಸರಿಹೋಯಿತು.

ಪ್ರವಾಸದ ಖರ್ಚಿಗೆ ಎಲ್ಲರೂ ವಂತಿಗೆ ಹಾಕಿ ಒಬ್ಬರ ಕೈಯಲ್ಲಿಡುವುದು ನಮ್ಮ ಮನೆಯ ಪದ್ಧತಿ. ಸೀರೆಯ ದುಡ್ಡನ್ನು ಮಾತ್ರ ಅದರಲ್ಲಿ ಬೆರೆಸುವುದಿಲ್ಲ, ಬೆರೆತರೆ ಲಾಡ್ಜಿಗೂ ಚಹಾಕ್ಕೂ ಕರಗಿಹೋಗುತ್ತದೆ. ಅದನ್ನು ಬೇರೆಯಾಗಿ ಕೂಡಿಡಲು ಅಂಚೆ ಕಚೇರಿಯಲ್ಲಿ ತಿಂಗಳಿಗೆ ನೂರು ರೂಪಾಯಿಯಿಂದಲೂ ಆರ್.ಡಿ. ಕಟ್ಟಬಹುದು, ಆದರೆ ಅದು ಐದು ವರ್ಷದ್ದು. ಮುಂದಿನ ವರ್ಷವೇ ಸೀರೆ ಬೇಕೆನ್ನುವವರಿಗೆ ಬ್ಯಾಂಕಿನ ಒಂದು ವರ್ಷದ ಆರ್.ಡಿ. ಅನುಕೂಲ. ಅವ್ವನ ಹೆಸರಲ್ಲಿ ಒಂದು ಈಗಾಗಲೇ ಶುರುವಾಗಿದೆ.

ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಗೆ ಬರುವವರಿದ್ದರೆ ಲಾಡ್ಜನ್ನು ತೀರ ಮುಂಚೆಯೇ ಹಿಡಿಯಿರಿ. ಜಾತ್ರೆಯಲ್ಲಿ ಬಾದಾಮಿ ತುಂಬಿ ತುಳುಕುತ್ತದೆ. ಸಿಗದಿದ್ದರೆ ಬಾಗಲಕೋಟೆಯಲ್ಲಿ ಇಳಿದುಕೊಳ್ಳಿ. ಜಾತ್ರೆಗೆ ಬರುವ ನಾಟಕ ಕಂಪನಿಗಳ ಟಿಕೆಟ್ಟಿಗೆ ಸ್ವಲ್ಪ ಹಣ ಬೇರೆ ತೆಗೆದಿಡಿ, ಒಂದೇ ನಾಟಕಕ್ಕೆ ಯಾರೂ ಏಳುವುದಿಲ್ಲ.