ಹಳೇ ಕಾರು ಇಟ್ಟವರು ಮಾಡಬೇಕಾದ್ದು, ಮಾಡಬಾರದ್ದು

ನವಲಗುಂದ ಸೀಮೆಯ ಮೊರಬದಲ್ಲೂ ಸುತ್ತಲಿನ ಊರುಗಳಲ್ಲೂ ಹತ್ತು ಹದಿನೈದು ವರ್ಷ ದಾಟಿದ ಮಾರುತಿ 800, ಓಮ್ನಿ, ಆಲ್ಟೊ, ಇಂಡಿಕಾ, ಬೊಲೆರೊ ಇಟ್ಟುಕೊಂಡವರಿಗೆ ಈ ಸೂಚನೆ. ನಡುರಾತ್ರಿ ಹೆರಿಗೆ ನೋವು ಬಂದರೆ, ಹೊಲದಲ್ಲಿ ಹಾವು ಕಡಿದರೆ, ಹುಬ್ಬಳ್ಳಿ ಇಲ್ಲವೇ ಧಾರವಾಡದ ದವಾಖಾನೆ ಮುಟ್ಟಿಸುವುದು ಓಣಿಯಲ್ಲಿ ನಿಂತ ಇದೇ ಗಾಡಿ. ಆ ಹೊತ್ತಿಗೆ ಅದು ಚಾಲೂ ಆಗಬೇಕು, ದಾರಿಯಲ್ಲಿ ನಿಲ್ಲಬಾರದು.

ಮಾಡಬೇಕಾದ್ದು

ಎಲ್ಲಕ್ಕಿಂತ ಮೊದಲು, ಕಿಲೋಮೀಟರ್ ಅಷ್ಟೇ ನೋಡುವುದನ್ನು ಬಿಡಿ, ತಾರೀಖು ನೋಡಿ. "ಗಾಡಿ ಓಡಿದ್ದೇ ಇಲ್ಲ, ಆಯಿಲ್ ಯಾಕೆ ಬದಲಿಸಬೇಕು" ಅನ್ನುವುದು ಊರಿನವರ ಸಾಮಾನ್ಯ ವಾದ. ವಾದ ತಪ್ಪು. ಮನೆಯಿಂದ ಹೊಲ, ಹೊಲದಿಂದ ಮನೆ ಅಂತ ಓಡುವ ಗಾಡಿಯಲ್ಲಿ ಎಂಜಿನ್ ಪೂರ್ತಿ ಕಾಯುವ ಮೊದಲೇ ಬಂದ್ ಮಾಡುತ್ತೀರಿ. ಒಳಗೆ ಕಟ್ಟಿದ ನೀರಿನ ಪಸೆ, ಸುಡದೆ ಉಳಿದ ಪೆಟ್ರೋಲು ಎರಡೂ ಆಯಿಲಿಗೆ ಇಳಿಯುತ್ತವೆ. ಅವು ಆವಿಯಾಗಿ ಹೋಗುವಷ್ಟು ಕಾವು ಏರುವುದೇ ಇಲ್ಲ. ಬರಬರುತ್ತ ಆಯಿಲ್ ಕಪ್ಪು ರಾಡಿಯಾಗಿ ಸಣ್ಣ ದಾರಿಗಳನ್ನು ಕಟ್ಟಿ ಹಾಕುತ್ತದೆ. ಬೇರಿಂಗಿಗೆ ಆಯಿಲ್ ಮುಟ್ಟದಿದ್ದರೆ ಎಂಜಿನ್ ಹೋಯಿತು. ಆದ್ದರಿಂದ ಗಾಡಿ ಎಷ್ಟೇ ಕಡಿಮೆ ಓಡಿರಲಿ, ವರ್ಷಕ್ಕೊಮ್ಮೆ ಎಂಜಿನ್ ಆಯಿಲ್ ಬದಲಿಸಲೇಬೇಕು. ಸಣ್ಣ ಸಣ್ಣ ಓಡಾಟವೇ ಹೆಚ್ಚಿದ್ದರೆ, ಎರಿ ಹೊಲದ ಧೂಳಿನಲ್ಲಿ ದಿನಾ ತಿರುಗಿದರೆ, ಆರು ತಿಂಗಳಿಗೊಮ್ಮೆ. ಆಯಿಲ್ ಫಿಲ್ಟರ್ ಅದರ ಜೊತೆಗೇ ಹೊಸದಾಗಬೇಕು.

ವಾರಕ್ಕೊಮ್ಮೆ ಮುಂಜಾನೆ, ಗಾಡಿ ಚಾಲೂ ಮಾಡುವ ಮುನ್ನ, ಸಮ ನೆಲದಲ್ಲಿ ನಿಲ್ಲಿಸಿ ಆಯಿಲ್ ಕಡ್ಡಿ ಎಳೆದು ನೋಡಿ. ಒರೆಸಿ, ಮತ್ತೆ ಇಳಿಸಿ, ಮತ್ತೆ ಎಳೆಯಿರಿ. ಎರಡು ಗುರುತುಗಳ ನಡುವೆ ಇರಬೇಕು. ಹಾಲು ಬೆರೆಸಿದ ಬಣ್ಣ ಕಂಡರೆ ಆಯಿಲಿಗೆ ನೀರು ಸೇರಿದೆ. ಅಂಥ ಗಾಡಿಯನ್ನು ಚಾಲೂ ಮಾಡದೆ ಮಿಸ್ತ್ರಿಯನ್ನು ಕರೆಸಿ. ಕಡಿಮೆಯಾದಾಗ ಮೇಲೆ ತುಂಬುವುದು ಬದಲಿಸಿದ ಲೆಕ್ಕಕ್ಕೆ ಬರುವುದಿಲ್ಲ.

ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಪೂರ್ತಿ ಹೊರಗೆ ತೆಗೆಸಿ ಹೊಸದು ಹಾಕಿಸಿ. ಎಲ್ಲರೂ ಮರೆಯುವುದು ಇದನ್ನೇ, ಜೀವ ತೆಗೆಯುವುದೂ ಇದೇ. ಡಬ್ಬಿ ತುಂಬಿದ್ದರೆ ಸಾಕು ಅಂದುಕೊಳ್ಳುತ್ತಾರೆ. ಆದರೆ ಈ ದ್ರವ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಹೊಸ ಡಾಟ್ 3 ಬ್ರೇಕ್ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ನಿಯಮವಿದೆ. ನೀರು ಹೀರಿದ ಮೇಲೆ ಅದು 140 ಡಿಗ್ರಿಯ ಹತ್ತಿರವೇ ಕುದಿಯಬಹುದು. ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ಹೋಗಿ, ಬ್ರೇಕ್ ಒತ್ತುತ್ತಲೇ ಇಳಿದರೆ ಒಳಗಿನ ನೀರು ಆವಿಯಾಗುತ್ತದೆ, ಪೆಡಲ್ ನೆಲಕ್ಕೆ ಕೂರುತ್ತದೆ. ಇಳಿಜಾರಿನಲ್ಲಿ ಎರಡನೇ ಗೇರ್ ಹಾಕಿ ಇಳಿಯಿರಿ.

ರೇಡಿಯೇಟರಿಗೆ ಕೂಲಂಟ್ ಹಾಕಿ: ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಗಾಡಿಯ ಕೈಪಿಡಿ ಬೇರೆ ಹೇಳದಿದ್ದರೆ ಎರಡು ವರ್ಷಕ್ಕೊಮ್ಮೆ ಬದಲಿಸಿ. ಅದು ಚಳಿ ದೇಶದವರಿಗೆ, ನಮಗೇನು ಎನ್ನಬೇಡಿ. ಕೂಲಂಟ್ ತುಕ್ಕು ತಡೆಯುತ್ತದೆ, ನೀರು ಬೇಗ ಕುದಿಯದಂತೆ ಕಾಯುತ್ತದೆ. ನವಲಗುಂದ ಸೀಮೆಯ ಬೇಸಿಗೆಗೆ ಬೇಕಾದ್ದು ಅದೇ.

ಗೇರ್ ಆಯಿಲ್ ಕೊನೆಗೆ ಯಾವಾಗ ಬದಲಿಸಿದ್ದು ಎಂದು ಗೊತ್ತಿಲ್ಲದಿದ್ದರೆ ಈಗಲೇ ಬದಲಿಸಿ. ಓಮ್ನಿ, ಬೊಲೆರೊಗಳಲ್ಲಿ ಹಿಂದಿನ ಹೌಸಿಂಗಿಗೆ ಬೇರೆ ಆಯಿಲ್ ಇರುತ್ತದೆ, ಅದನ್ನೂ ಕೇಳಿ ಹಾಕಿಸಿ. ಕೈಪಿಡಿಯಲ್ಲಿ ಜಿಎಲ್ 4 ಎಂದಿದ್ದರೆ ಜಿಎಲ್ 4 ಮಾತ್ರ.

ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಿಗೆ ಕೈಪಿಡಿ ಹೇಳಿದ ಹೊತ್ತಿಗೆ ಹೊಸ ಬೆಲ್ಟ್ ಹಾಕಿಸಿ. ಇಂಡಿಕಾದ ಡೀಸೆಲ್ ಎಂಜಿನ್ನಿನಲ್ಲಿ ಓಡುವಾಗ ಬೆಲ್ಟ್ ಹರಿದರೆ ವಾಲ್ವುಗಳು ಬಾಗುತ್ತವೆ. ಸ್ವಿಫ್ಟ್‌ನ 1.3 ಡೀಸೆಲ್ ಎಂಜಿನ್ನಿಗೆ ಬೆಲ್ಟ್ ಇಲ್ಲ, ಚೈನ್ ಇದೆ. ನಿಮ್ಮ ಗಾಡಿಗೆ ಏನಿದೆ ಎಂದು ಮಿಸ್ತ್ರಿಯನ್ನು ಕೇಳಿ ತಿಳಿದುಕೊಳ್ಳಿ. ಡೀಸೆಲ್ ಗಾಡಿಯವರು ಫಿಲ್ಟರಿನ ತಳದಲ್ಲಿ ನಿಂತ ನೀರನ್ನು ಆಗಾಗ ಇಳಿಸಬೇಕು.

ಪೆಟ್ರೋಲ್ ಗಾಡಿಯವರು ರಬ್ಬರ್ ಪೈಪುಗಳನ್ನು ಮುಟ್ಟಿ ನೋಡಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇದೆ. 2023ಕ್ಕಿಂತ ಹಿಂದಿನ ಬಹಳಷ್ಟು ಗಾಡಿಗಳ ರಬ್ಬರನ್ನು ಅದಕ್ಕೆಂದು ಮಾಡಿದ್ದಲ್ಲ. ಪೈಪು ಮೆತ್ತಗಾಗಿ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಪೆಟ್ರೋಲ್ ವಾಸನೆ ಬಂದರೆ ಅಂದೇ ಬದಲಿಸಿ. ಎಥೆನಾಲೂ ನೀರು ಹೀರುತ್ತದೆ. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಹಳೇ ಪೆಟ್ರೋಲ್ ನಿಲ್ಲಿಸಬೇಡಿ.

ನೆನಪಿಗೆ ಹಬ್ಬಗಳನ್ನೇ ಹಿಡಿಯಿರಿ. ಯುಗಾದಿಗೆ ಕೂಲಂಟ್, ಫ್ಯಾನ್ ಬೆಲ್ಟ್, ಬ್ಯಾಟರಿ ನೀರು. ಕಾರಹುಣ್ಣಿಮೆಗೆ ವೈಪರ್, ಟೈರ್, ಬ್ರೇಕ್. ಖಂಡೇನವಮಿಗೆ ಗಾಡಿ ತೊಳೆದು ಪೂಜೆ ಮಾಡುವ ಮುನ್ನ ಎಂಜಿನ್ ಆಯಿಲ್ ಮತ್ತು ಏರ್ ಫಿಲ್ಟರ್. ಬದಲಿಸಿದ ತಾರೀಖನ್ನೂ ಕಿಲೋಮೀಟರನ್ನೂ ಒಂದು ಕಾರ್ಡಿನಲ್ಲಿ ಬರೆದು ಗಾಡಿಯಲ್ಲೇ ಇಡಿ.

ಮಾಡಬಾರದ್ದು

ಬೋರಿನ ಸವಳು ನೀರನ್ನು ರೇಡಿಯೇಟರಿಗೆ, ಬ್ಯಾಟರಿಗೆ ಹಾಕಬಾರದು. ಹಂಡೆಯ ತಳಕ್ಕೆ ಕಟ್ಟುವಂಥದೇ ಬಿಳಿ ಪದರ ಎಂಜಿನ್ನಿನ ನೀರಿನ ದಾರಿಯಲ್ಲೂ ಕಟ್ಟುತ್ತದೆ. ದಾರಿಯಲ್ಲಿ ಗತಿಯಿಲ್ಲದೆ ಹಾಕಿದರೂ ಊರು ಮುಟ್ಟಿದ ಮೇಲೆ ಪೂರ್ತಿ ಇಳಿಸಿ ತೊಳೆಸಿ. ಎಂಜಿನ್ ಕಾದಿರುವಾಗ ರೇಡಿಯೇಟರ್ ಮುಚ್ಚಳ ಬಿಚ್ಚಬಾರದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ.

ಟ್ರ್ಯಾಕ್ಟರಿಗೆ ತಂದ ಬಕೆಟ್ಟಿನಲ್ಲಿ ಉಳಿದ ಆಯಿಲನ್ನು ಪೆಟ್ರೋಲ್ ಕಾರಿಗೆ ಹಾಕಬಾರದು. ಖುಲ್ಲಾ ಆಯಿಲ್ ಕೊಳ್ಳಬಾರದು. ಮೇಲಿನ ಗುರುತು ದಾಟಿ ತುಂಬಬಾರದು. ಡಾಟ್ 3 ಅಥವಾ ಡಾಟ್ 4 ಇರುವಲ್ಲಿ ಸಿಲಿಕಾನಿನ ಡಾಟ್ 5 ಸೇರಿಸಬಾರದು.

ಪೂಜೆಗೆಂದು ಪ್ರೆಷರ್ ನೀರನ್ನು ಎಂಜಿನ್ ಮೇಲೆ ನೇರ ಬಿಡಬಾರದು. ಹಳೇ ವೈರಿಂಗ್ ತಡೆಯುವುದಿಲ್ಲ. ಆದರೆ ಮಳೆಗಾಲದಲ್ಲಿ ಚಕ್ರದ ಒಳಗೆ ಮೆತ್ತಿದ ಎರಿ ಮಣ್ಣನ್ನು ಹಾಗೇ ಒಣಗಲು ಬಿಡಲೂಬಾರದು. ಅಲ್ಲಿಂದಲೇ ತಗಡು ತುಕ್ಕು ಹಿಡಿಯುತ್ತದೆ.

ಸುಗ್ಗಿಯಲ್ಲಿ ರಸ್ತೆಯ ಮೇಲೆ ಹರವಿದ ಹೆಸರು, ಕಡಲೆ ಬಳ್ಳಿಯ ಮೇಲೆ ಗಾಡಿ ಓಡಿಸಬಾರದು. ಹರವುವವರೂ ನಮ್ಮವರೇ, ಅವರಿಗೂ ಹೇಳಿ. ಒಣ ಬಳ್ಳಿ ಕೆಳಗೆ ಸುತ್ತಿಕೊಂಡು ಕಾದ ಸೈಲೆನ್ಸರಿಗೆ ತಾಗಿದರೆ ಬೆಂಕಿ ಹತ್ತುತ್ತದೆ. ಹಾಯಲೇಬೇಕಾಗಿ ಬಂದರೆ ದಾಟಿದ ಕೂಡಲೇ ನಿಲ್ಲಿಸಿ, ಬಗ್ಗಿ ನೋಡಿ, ಕಿತ್ತು ತೆಗೆಯಿರಿ.

ತುಪ್ಪರಿ ಹಳ್ಳವಾಗಲಿ ಬೆಣ್ಣೆಹಳ್ಳವಾಗಲಿ, ತುಂಬಿ ಹರಿಯುವಾಗ ಗಾಡಿ ಇಳಿಸಬಾರದು. ಮೊದಲು ಜೀವದ ಪ್ರಶ್ನೆ. ನಿಂತ ನೀರಿನಲ್ಲೇ ಗಾಡಿ ಆರಿ ಹೋದರೂ ಮತ್ತೆ ಸೆಲ್ಫ್ ಹೊಡೆಯಬಾರದು. ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ದಬ್ಬಿ ಹೊರಗೆ ತನ್ನಿ, ಎಲ್ಲ ಆಯಿಲ್‌ಗಳನ್ನೂ ನೋಡಿಸಿ, ಆಮೇಲೆ ಚಾಲೂ ಮಾಡಿ.

ತೆಗೆದ ಹಳೇ ಆಯಿಲನ್ನು ಹಳ್ಳಕ್ಕೆ, ಬದುವಿಗೆ, ಗಟಾರಿಗೆ ಚೆಲ್ಲಬಾರದು. ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಟ್ಟು ಬನ್ನಿ. ಕೂಲಂಟ್ ಚೆಲ್ಲಿದ್ದರೆ ಕೂಡಲೇ ಒರೆಸಿ ತೊಳೆಯಿರಿ. ಅದರ ರುಚಿ ಸಿಹಿ. ನಾಯಿ, ಕರು ನೆಕ್ಕಿದರೆ ಸಾಯುತ್ತವೆ. ಮಕ್ಕಳ ಕೈಗೆ ಸಿಗದಂತೆ ಇಡಿ.

ಮನೆಯ ಅಡುಗೆ ಸಿಲಿಂಡರಿನಿಂದ ಓಮ್ನಿಗೆ ಗ್ಯಾಸ್ ತುಂಬಬಾರದು. ಅದು ಅಪರಾಧ, ಮೇಲಾಗಿ ಬೆಂಕಿಯ ಜೊತೆ ಆಟ.

ಕಾಗದ ಪತ್ರ

ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಮಾರುತಿ 800 ತಯಾರಿ ನಿಂತದ್ದೇ 2014ರ ಜನವರಿಯಲ್ಲಿ, ಹಾಗಾಗಿ ಊರಲ್ಲಿರುವ ಬಹುತೇಕ 800ಗಳ ಅವಧಿ ಮುಗಿದಿದೆ ಅಥವಾ ಮುಗಿಯುತ್ತ ಬಂದಿದೆ. ಗಾಡಿ ತಪಾಸಣೆಯಲ್ಲಿ ಪಾಸಾದರೆ ಇನ್ನೈದು ವರ್ಷಕ್ಕೆ ನವೀಕರಣ ಸಿಗುತ್ತದೆ. ಆರ್‌ಸಿ ತೆಗೆದು ತಾರೀಖು ನೋಡಿ. ಅವಧಿ ಮುಗಿಯುವ 60 ದಿನ ಮೊದಲಿನಿಂದ ನಮೂನೆ 25ರಲ್ಲಿ ಅರ್ಜಿ ಹಾಕಬಹುದು. ಬ್ರೇಕ್, ದೀಪ, ಹೊಗೆ ಎಲ್ಲವನ್ನೂ ಅದಕ್ಕೂ ಮೊದಲೇ ಸರಿ ಮಾಡಿಸಿಕೊಳ್ಳಿ. ವಿಮೆ, ಹೊಗೆ ತಪಾಸಣೆಯ ಪತ್ರ ಚಾಲ್ತಿಯಲ್ಲಿರಲಿ.