ರಿವ್ಯೂವರ್ ಅನ್ಯಾಯ ಮಾಡಿದರೆ: ಸಿರುಗುಪ್ಪದ ಸಂಶೋಧಕರಿಗೆ ಏಳು ಸೂತ್ರಗಳು

1. ಅಂದೇ ಉತ್ತರ ಬರೆಯಬೇಡಿ. ಲೇಖನ ವಾಪಸು ಬಂದ ರಾತ್ರಿ ಪ್ರತಿ ಸಾಲೂ ಅವಮಾನದಂತೆಯೇ ಕಾಣುತ್ತದೆ. ಎರಡು ದಿನ ಬಿಟ್ಟು ಓದಿ.

2. ಒರಟು ಮಾತೆಲ್ಲ ಅನ್ಯಾಯವಲ್ಲ. ಹೇಳಿದ್ದು ಸರಿಯಿದ್ದರೆ ತಿದ್ದಿಕೊಳ್ಳಿ. ನೀವು ಬರೆಯದೇ ಇದ್ದದ್ದನ್ನು ಟೀಕಿಸಿದ್ದರೆ, ತನ್ನದೇ ಲೇಖನಗಳನ್ನು ಉಲ್ಲೇಖಿಸಲೇಬೇಕೆಂದು ಒತ್ತಾಯಿಸಿದ್ದರೆ, ಕಾಲೇಜಿನ ಹೆಸರು ನೋಡಿ ತೀರ್ಪು ಕೊಟ್ಟಿದ್ದರೆ ಅದು ಅನ್ಯಾಯ.

3. ‘ಇದು ಬರೀ ಸ್ಥಳೀಯ ವಿಷಯ’ ಎಂದರೆ ಕುಗ್ಗಬೇಡಿ. ತುಂಗಭದ್ರಾ ಅಚ್ಚುಕಟ್ಟಿನ ಎರೆಭೂಮಿಯಲ್ಲಿ ಜೌಗು, ಸವಳು ಹೆಚ್ಚಿದ ಸಮಸ್ಯೆ ನೀರಾವರಿ ಇರುವ ಎಷ್ಟೋ ದೇಶಗಳದ್ದೂ ಹೌದು. ಅದನ್ನು ಪೀಠಿಕೆಯಲ್ಲೇ ಬಿಡಿಸಿ ಹೇಳಿ.

4. ಪುರಾವೆ ಕಾಪಾಡಿಕೊಳ್ಳಿ. ನಮ್ಮ ಬಳ್ಳಾರಿ ಸೀಮೆಯ ಬೂದಿಗುಡ್ಡಗಳನ್ನೇ ನೋಡಿ. ಅವು ಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿ ಎಂದರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ವಿಜಯನಗರದ ಇತಿಹಾಸ ಬರೆದು ಹೆಸರಾದ ರಾಬರ್ಟ್ ಸೂಯೆಲ್ 1899ರಲ್ಲಿ ಅದನ್ನು ಒಪ್ಪದೆ, ಇವು ವಿಜಯನಗರ ಕಾಲದ ದಹನದ ಕುರುಹುಗಳೆಂದು ವಾದಿಸಿದರು. ಫೂಟ್ 1912ರಲ್ಲಿ ತೀರಿಕೊಂಡರು. 1957ರಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದ್ದೇ ಬೂದಿಗುಡ್ಡ ಅಗೆದಾಗ ದನದ ದೊಡ್ಡಿಯ ಕಂಬದ ಗುಳಿಗಳೂ ಗೊರಸಿನ ಗುರುತುಗಳೂ ಸಿಕ್ಕವು. ಫೂಟ್ ಮಾತೇ ನಿಂತಿತು. ಬದುಕಿದ್ದಾಗ ಆ ಸಮಾಧಾನ ಅವರಿಗೆ ಸಿಗಲಿಲ್ಲವಲ್ಲ ಎಂದು ನನಗೆ ಇಂದಿಗೂ ಸಂಕಟ. ಆದರೆ ತಾವು ಆಯ್ದ ಕಲ್ಲು, ಮಡಕೆಚೂರುಗಳನ್ನು ಊರಿನ ಹೆಸರಿನ ಸಮೇತ ಅವರು ಪಟ್ಟಿ ಮಾಡಿಟ್ಟರು. ಆ ಸಂಗ್ರಹ ಮದ್ರಾಸ್ ಮ್ಯೂಸಿಯಂ ಸೇರಿತು. ನಿಮ್ಮ ಕ್ಷೇತ್ರಕಾರ್ಯದ ಟಿಪ್ಪಣಿ, ಫೋಟೊ, ಲ್ಯಾಬ್ ವರದಿಗಳನ್ನೂ ಹಾಗೇ ದಿನಾಂಕ ಹಾಕಿ ಇಡಿ.

5. ರಿವ್ಯೂವರ್ ಯಾರೆಂದು ಹುಡುಕುತ್ತ ಕೂರಬೇಡಿ; ಸಂಪಾದಕರಿಗೆ ಬರೆಯಿರಿ. ಒಂದು ಕಡೆ ಟೀಕೆ, ಪಕ್ಕದಲ್ಲಿ ನಿಮ್ಮ ಉತ್ತರ, ಅದರ ಪಕ್ಕ ಪುಟ ಮತ್ತು ಸಾಲಿನ ಸಂಖ್ಯೆ. ಬೈಗುಳ ಒಂದೂ ಬೇಡ. ಮತ್ತೊಬ್ಬ ರಿವ್ಯೂವರಿಗೆ ಕಳಿಸಿ ಎಂದು ನೇರವಾಗಿ ಕೇಳಿ. ಹಾಗೆ ಕೇಳುವುದು ಉದ್ಧಟತನವಲ್ಲ. ಸಣ್ಣ ಊರಿನ ಕಾಲೇಜಿನವರು ಇಲ್ಲೇ ಹಿಂಜರಿದು ಸೋಲುತ್ತಾರೆ.

6. ಮನವಿ ಒಂದೇ ಸಲ. ಆಮೇಲೆ ಲೇಖನ ತಿದ್ದಿ ಬೇರೆ ಜರ್ನಲ್‌ಗೆ ಕಳಿಸಿ. ಒಂದೇ ಹೊತ್ತಿಗೆ ಎರಡು ಕಡೆ ಕಳಿಸಲೇಬೇಡಿ.

7. ಸಿಟ್ಟಿನಲ್ಲಿ ದುಡ್ಡಿನ ಜರ್ನಲ್‌ಗೆ ಬೀಳಬೇಡಿ. ಐಎಸ್ಎಸ್ಎನ್ ಸಂಖ್ಯೆ ಇದ್ದ ಮಾತ್ರಕ್ಕೆ ಅದು ಒಳ್ಳೆಯ ಜರ್ನಲ್ ಅಲ್ಲ. ಪಿಎಚ್.ಡಿ.ಗೆ ಲೇಖನ ಪ್ರಕಟವಾಗಲೇಬೇಕೆಂಬ ಕಡ್ಡಾಯವನ್ನು ಯುಜಿಸಿ 2022ರ ನಿಯಮಾವಳಿಯಲ್ಲೇ ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯದ ನಿಯಮವೇನೆಂದು ಮೊದಲು ವಿಚಾರಿಸಿ. ‘ಮೂರು ದಿನದಲ್ಲಿ ಪ್ರಕಟಿಸುತ್ತೇವೆ’ ಎನ್ನುವವರಿಗೆ ಕೊಡುವ ದುಡ್ಡಿನಲ್ಲಿ ಇನ್ನಷ್ಟು ಹೊಲಗಳ ಮಣ್ಣು ಪರೀಕ್ಷೆ ಮಾಡಿಸಬಹುದು.