‘ಊಟ ಆಯ್ತಾ?’ ಎಂದು ಕೇಳಿದ ಮೇಲೆ

ನಮ್ಮ ಮಧುಗಿರಿ, ಕೊರಟಗೆರೆ ಕಡೆ ಹಳ್ಳಿಗಳಲ್ಲಿ ಮನೆ ಮುಂದೆ ಹಾದುಹೋಗುವವರನ್ನು ‘ಊಟ ಆಯ್ತಾ?’ ಎಂದು ಕೇಳುವುದು ವಾಡಿಕೆ. ಕೇಳಿದವರ ಮೇಲೆ ಒಂದು ಜವಾಬ್ದಾರಿಯೂ ಬೀಳುತ್ತದೆ. ‘ಇಲ್ಲ’ ಎಂಬ ಉತ್ತರ ಬಂದರೆ ಒಳಗೆ ಕರೆದು ಮುದ್ದೆ ಬಡಿಸಬೇಕು. ಬಡಿಸುವ ಮನಸ್ಸಿಲ್ಲದವರು ‘ಏನ್ ಸಮಾಚಾರ?’ ಎಂದಷ್ಟೇ ಕೇಳಿ ಸುಮ್ಮನಾಗುತ್ತಾರೆ.

ಈ ಮಾತು ನೆನಪಾಗಲು ಕಾರಣ ನಮ್ಮ ಧರ್ಮಕೇಂದ್ರದ ಒಬ್ಬ ಯುವತಿ. ಬೆಂಗಳೂರಿನ ಕಂಪನಿಯೊಂದರಲ್ಲಿ ಆಕೆಗೆ ನೌಕರಿ. ಭಾನುವಾರದ ಪೂಜೆಯ ನಂತರ ಮೊಬೈಲ್ ತೆಗೆದು ತೋರಿಸಿದಳು. ಪ್ರತಿದಿನ ಬೆಳಿಗ್ಗೆ ಕಂಪನಿಯಿಂದ ಒಂದು ಪ್ರಶ್ನೆ ಬರುತ್ತದೆ: ‘ಇಂದು ನಿಮ್ಮ ಮನಸ್ಸು ಹೇಗಿದೆ?’ ಕೆಳಗೆ ಐದು ಮುಖಗಳು, ನಗುವ ಮುಖದಿಂದ ಅಳುವ ಮುಖದವರೆಗೆ. ತಂದೆಯ ಕಣ್ಣಿನ ಶಸ್ತ್ರಚಿಕಿತ್ಸೆಗೆ ಕೇಳಿದ ರಜೆ ಸಿಗದ ದಿನ ಆಕೆ ಅಳುವ ಮುಖವನ್ನು ಒತ್ತಿದಳಂತೆ. ಕೂಡಲೇ ಉತ್ತರ ಬಂತು: ‘ನೀರು ಕುಡಿಯಿರಿ, ಹತ್ತು ಸಲ ದೀರ್ಘವಾಗಿ ಉಸಿರಾಡಿ.’ ಮನುಷ್ಯರು ಯಾರೂ ಬರಲಿಲ್ಲ. ಅದೇ ವಾರ ಕಚೇರಿಯಲ್ಲಿ ಸ್ವಾಸ್ಥ್ಯ ಸಪ್ತಾಹ. ಸಂಜೆ ಒಂದು ಗಂಟೆ ಯೋಗ ಮಾಡಿಸಿದರು. ಆ ಗಂಟೆಯ ಕೆಲಸವನ್ನು ರಾತ್ರಿ ಕುಳಿತು ಮುಗಿಸಬೇಕಾಯಿತು. ‘ಈಗ ದಿನಾ ನಗುವ ಮುಖಾನೇ ಒತ್ತುತ್ತೀನಿ ಫಾದರ್, ರಗಳೆ ಇರಲ್ಲ’ ಎಂದಳು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮ ಹಿರಿಯರು ಇಂಥದ್ದಕ್ಕೇ ಹೇಳಿರಬೇಕು.

ಆದರೆ ಇದನ್ನು ಗೇಲಿ ಮಾಡಿ ಬಿಟ್ಟುಬಿಡುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಂದು ಲೆಕ್ಕ ಪ್ರಕಟಿಸಿದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು 35 ಪ್ರತಿಶತ, ಹೃದ್ರೋಗದಿಂದ ಸಾಯುವ ಅಪಾಯ ಸುಮಾರು 17 ಪ್ರತಿಶತ ಹೆಚ್ಚು. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಗೆರೆ ಎಳೆದಿತ್ತು. 2024ರ ಜುಲೈನಲ್ಲಿ ಐ.ಟಿ. ನೌಕರರ ದುಡಿಮೆಯನ್ನು ದಿನಕ್ಕೆ 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾಪ ಬಂದು, ನೌಕರರ ಸಂಘ ಬೀದಿಗಿಳಿದು ವಿರೋಧಿಸಿತು. ಹದಿನಾಲ್ಕು ಗಂಟೆ ದುಡಿದವನಿಗೆ ಉಸಿರಾಟ ಕಲಿಸುವುದು ಎಂಥ ಉಪಚಾರ?

ಉಸಿರಾಟ ಕಲಿಸಿದ್ದರಿಂದ ಏನಾಯಿತು ಎಂಬುದನ್ನೂ ಪರೀಕ್ಷಿಸಿದ್ದಾರೆ. ಆಕ್ಸ್‌ಫರ್ಡ್‌ನ ಸಂಶೋಧಕ ವಿಲಿಯಂ ಫ್ಲೆಮಿಂಗ್ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಉತ್ತರಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದರು. ಧ್ಯಾನ, ಮನೋಸ್ಥೈರ್ಯದ ತರಬೇತಿ, ಮೊಬೈಲ್ ಆಪ್ ಇಂಥವುಗಳಲ್ಲಿ ಪಾಲ್ಗೊಂಡವರು ಪಾಲ್ಗೊಳ್ಳದವರಿಗಿಂತ ನೆಮ್ಮದಿಯಾಗಿರಲಿಲ್ಲ. ಒಂದೇ ಅಪವಾದ ಕಂಡದ್ದು, ಇತರರಿಗಾಗಿ ಸ್ವಯಂಸೇವೆ ಮಾಡುವ ಅವಕಾಶ ಸಿಕ್ಕವರಲ್ಲಿ. ಕೆಲಸದ ಹೊರೆ, ವೇಳೆ, ಸಂಬಳ ಇವುಗಳನ್ನು ಮುಟ್ಟದೆ ನೌಕರನ ಮನಸ್ಸನ್ನೊಂದೇ ರಿಪೇರಿ ಮಾಡಹೊರಟರೆ ಹೀಗೇ ಆಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ‘ಆರೋಗ್ಯವಂತ ನೌಕರನಿಂದ ಉತ್ಪಾದನೆ ಹೆಚ್ಚುತ್ತದೆ’ ಎಂಬ ಮಾತು ಇಂಥ ಕಾರ್ಯಕ್ರಮಗಳಲ್ಲಿ ಸಾಮಾನ್ಯ. ಸುಳ್ಳೇನಲ್ಲ. ಆದರೆ ರೈತ ತನ್ನ ಪಂಪ್‌ಸೆಟ್ಟನ್ನು ನೋಡಿಕೊಳ್ಳುವುದೂ ಅದೇ ತರ್ಕದಿಂದ. ಮನುಷ್ಯ ಕೇವಲ ಸಾಧನವಲ್ಲ ಎಂದು ಸೆಮಿನರಿಯಲ್ಲಿ ಕಾಂಟ್‌ನ ತತ್ತ್ವ ಓದುವಾಗ ಅದು ಪರೀಕ್ಷೆಗಷ್ಟೇ ಬೇಕಾದ ವಿಷಯ ಎಂದುಕೊಂಡಿದ್ದೆ! ಕೆಲಸವಿರುವುದು ಮನುಷ್ಯನಿಗಾಗಿ ಎಂಬುದು ಜಗದ್ಗುರು ಎರಡನೇ ಜಾನ್ ಪಾಲ್‌ರವರು 1981ರಲ್ಲಿ ದುಡಿಮೆಯ ಬಗ್ಗೆ ಹೊರಡಿಸಿದ ಪರಿಪತ್ರದ ತಿರುಳು. ಅವರೇ ಯೌವನದಲ್ಲಿ ಕಲ್ಲುಗಣಿಯಲ್ಲಿ ದುಡಿದವರು. ಕಲ್ಲಿನ ಸೀಮೆಯವರಾದ ನಮಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ನಿಜವಾದ ಕಾಳಜಿ ಹೇಗಿರುತ್ತದೆ? ವಿಮೋಚನಾಕಾಂಡದ 18ನೇ ಅಧ್ಯಾಯ ತೆರೆದು ನೋಡಿ. ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯ ತೀರಿಸುತ್ತಿದ್ದ. ಮಾವ ಇತ್ರೋ ನೋಡಲು ಬಂದವನು, ಮರುದಿನ ಅಳಿಯನ ಕೆಲಸವನ್ನು ಕಣ್ಣಾರೆ ಕಂಡ. ಆಮೇಲೆ ಬಾಯಿ ಬಿಟ್ಟ. ‘ಧೈರ್ಯ ತಂದುಕೋ’ ಎನ್ನಲಿಲ್ಲ. ಹೀಗಾದರೆ ನೀನೂ ಬಳಲುತ್ತೀಯೆ, ಜನರೂ ಬಳಲುತ್ತಾರೆ ಎಂದು ಎಚ್ಚರಿಸಿ, ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬ ಯೋಗ್ಯನನ್ನು ನೇಮಿಸುವಂತೆ ಹೇಳಿದ. ಬದಲಾದದ್ದು ಕೆಲಸದ ವ್ಯವಸ್ಥೆ. ಸಂತ ಯಕೋಬರು ತಮ್ಮ ಪತ್ರದ ಎರಡನೇ ಅಧ್ಯಾಯದಲ್ಲಿ ಇದಕ್ಕೆ ವಿರುದ್ಧವಾದ ಚಿತ್ರ ಕೊಡುತ್ತಾರೆ: ಬಟ್ಟೆಯಿಲ್ಲದವನಿಗೆ, ಹಸಿದವನಿಗೆ ಬೆಚ್ಚಗಿರು, ಹೊಟ್ಟೆ ತುಂಬಾ ಉಣ್ಣು ಎಂದು ಹರಸಿ, ಬರಿಗೈಯಲ್ಲಿ ಸಾಗಹಾಕುವವರ ಚಿತ್ರ.

ಕೋಲಾರ ಜಿಲ್ಲೆಯ ನರಸಾಪುರ ನಿಮಗೆ ನೆನಪಿರಬಹುದು. ಆ್ಯಪಲ್ ಕಂಪನಿಗೆ ಐಫೋನ್ ಜೋಡಿಸಿಕೊಡುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಕಾರ್ಮಿಕರ ಸಿಟ್ಟು ಸ್ಫೋಟಿಸಿತು. ಗಾಜು ಒಡೆದದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಸರಬರಾಜುದಾರರು ಕಾರ್ಮಿಕರನ್ನು ಹೇಗೆ ನಡೆಸಿಕೊಳ್ಳಬೇಕೆಂಬ ಆ್ಯಪಲ್‌ನ ನೀತಿಸಂಹಿತೆ ಅದಕ್ಕೂ ಮೊದಲೇ ಇತ್ತು. ಕೆಲವರಿಗೆ ಸಂಬಳ ಸರಿಯಾಗಿ, ಸಕಾಲಕ್ಕೆ ಹೋಗಿಲ್ಲವೆಂದು ವಿಸ್ಟ್ರಾನ್ ಒಪ್ಪಿ ಕ್ಷಮೆ ಕೇಳಿದ್ದು ಗಲಾಟೆಯ ನಂತರ.

ಕಂಪನಿಗಳನ್ನಷ್ಟೇ ದೂರಿ ಕೂರಲು ನನಗೆ ನಾಲಗೆ ಬರುತ್ತಿಲ್ಲ. ನಾನೂ ಒಂದು ಶಾಲೆಯ ಆಡಳಿತ ನೋಡಿಕೊಂಡವನು. ಶಿಕ್ಷಕರ ದಿನಾಚರಣೆಯಲ್ಲಿ ‘ನಾವೆಲ್ಲ ಒಂದೇ ಕುಟುಂಬ’ ಎಂದು ಭಾಷಣ ಮಾಡಿ, ಎಲ್ಲರಿಗೂ ಒಂದೊಂದು ಪೆನ್ನು ಕೊಟ್ಟೆ. ಕೆಳಗಿಳಿದಾಗ ಹಿರಿಯ ಶಿಕ್ಷಕಿಯೊಬ್ಬರು ಮೆಲ್ಲಗೆ, ‘ಫಾದರ್, ಹೋದ ತಿಂಗಳ ಸಂಬಳ ಇನ್ನೂ ಬಂದಿಲ್ಲ’ ಎಂದರು. ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವುದರೊಳಗೆ ಕೊಡಬೇಕೆಂಬ ಧರ್ಮೋಪದೇಶಕಾಂಡದ ಕಟ್ಟಳೆಯ ಮೇಲೆ ಪ್ರಬೋಧನೆ ಮಾಡಿದವನು ನಾನೇ! ಮರುದಿನ ಲೆಕ್ಕದ ಪುಸ್ತಕ ತೆರೆದೆ. ಕಾಂಪೌಂಡ್ ಗೋಡೆಗೆಂದು ತೆಗೆದಿಟ್ಟ ಹಣವಿತ್ತು. ಆ ವರ್ಷ ಗೋಡೆ ಏಳಲಿಲ್ಲ.

ಕಚೇರಿಯಲ್ಲಿ ನಾಲ್ಕು ಜನರ ಮೇಲಧಿಕಾರಿಯಾಗಿರುವ ನಿಮ್ಮಲ್ಲೊಬ್ಬರು ಇದನ್ನು ಓದುತ್ತಿದ್ದರೆ ಒಂದು ವಿನಂತಿ. ‘ಹೇಗಿದ್ದೀರಿ?’ ಎಂದು ಕೇಳುವ ಮೊದಲು ಇತ್ರೋನಂತೆ ಒಂದು ದಿನ ನೋಡಿ: ಯಾರು ಎಷ್ಟು ಹೊತ್ತಿಗೆ ಮನೆಗೆ ಹೋಗುತ್ತಾರೆ? ಒಬ್ಬರು ರಜೆ ಹಾಕಿದರೆ ಅವರ ಕೆಲಸ ಯಾರ ತಲೆಗೆ ಬೀಳುತ್ತದೆ? ನಿಮ್ಮ ಕೈಲಾಗುವುದು ಒಂದು ರಜೆ ಚೀಟಿಗೆ ಸಹಿ ಹಾಕುವುದಷ್ಟೇ ಇರಬಹುದು. ಅದನ್ನು ಹಾಕಿ.

ತಾಯಿತಂದೆಯರೇ, ಮಗ ಬೆಂಗಳೂರಿನಿಂದ ಫೋನಿನಲ್ಲಿ ‘ಆಗ್ತಿಲ್ಲಮ್ಮ’ ಎಂದಾಗ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೋ, ಎಲ್ರಿಗೂ ಇರೋದೇ’ ಎನ್ನಲು ಅವಸರಪಡಬೇಡಿ. ಅದೂ ಒಂದು ನಗುವ ಮುಖವೇ. ಪ್ರವಾದಿ ಎಲೀಯನು ದಣಿದು, ಸಾವೇ ಬರಲೆಂದು ಗಿಡದ ಕೆಳಗೆ ಮಲಗಿದ್ದಾಗ ದೇವದೂತನು ಬುದ್ಧಿ ಹೇಳಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟ. ಎಬ್ಬಿಸಿ ಮತ್ತೊಮ್ಮೆ ಉಣ್ಣಿಸಿದ. ಪ್ರಯಾಣದ ಮಾತು ಬಂದದ್ದು ಆಗ.

ಶನಿವಾರ ರಾತ್ರಿಯ ಬಸ್ಸಿಗೆ ಮಗ ಮಧುಗಿರಿಗೆ ಬಂದಿಳಿದರೆ ಭಾನುವಾರ ಬೇಗ ಎಬ್ಬಿಸಬೇಡಿ. ಬೆಳಗಿನ ಪೂಜೆಗೆ ಕಾಣಲಿಲ್ಲವೆಂದು ನಾನು ಹಾಜರಿ ಕೇಳುವುದಿಲ್ಲ. ನಿದ್ದೆ ಮುಗಿಸಿ, ಊಟ ಮಾಡಿ, ಸಂಜೆ ಒಮ್ಮೆ ಗುರುಮನೆ ಕಡೆ ಬರಲಿ. ಕುಳಿತು ಕೇಳುತ್ತೇನೆ.